ಕ್ರಾಸಿನ ಮಂಗಳವ್ವ

ಮಂಗಳವ್ವನ ಅಜ್ಜ ಹೊಳಿಯಪ್ಪ ಗಳಗನಾಥದಲ್ಲಿ ಹರಿಗೋಲು ಹಾಕುತ್ತಿದ್ದ. ವರದೆ ಬಂದು ತುಂಗಭದ್ರೆಯನ್ನು ಕೂಡುವ ಆ ಜಾಗದಲ್ಲಿ ನೀರು ಮೇಲೆ ಸುಮ್ಮನೆ ಮಲಗಿದಂತೆ ಕಂಡರೂ ಒಳಗೊಳಗೆ ಹಗ್ಗ ಹೊಸೆಯುತ್ತಿರುತ್ತದೆ. ಅಂಥ ನೀರನ್ನು ಅವನು ತನ್ನ ಮನೆಯ ಅಂಗಳದಂತೆ ಬಲ್ಲವನಾಗಿದ್ದ. ಒಂದು ಶ್ರಾವಣದಲ್ಲಿ ಹೊಳೆ ಕೆಂಪಗೆ ಉಕ್ಕಿ ಬಂದು, ಊರಿನ ಗಟ್ಟಿ ಗಂಡಸರೆಲ್ಲ ದಂಡೆಯ ಮೇಲೆ ನಿಂತು ತಲೆ ಅಲ್ಲಾಡಿಸುವಾಗ, ಹೆರಿಗೆ ಬ್ಯಾನಿ ತಿನ್ನುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಕೂಡಿಸಿಕೊಂಡು ಅವನು ಹರಿಗೋಲು ಬಿಟ್ಟ. ಕೂಸು ನಡುನೀರಿನಲ್ಲೇ ಹುಟ್ಟಿತೆಂದು ಕೆಲವರು, ಇಲ್ಲ, ಆಚೆ ದಂಡೆ ಮುಟ್ಟಿದ ಮೇಲೆ ಎಂದು ಕೆಲವರು ಇವತ್ತಿಗೂ ವಾದ ಮಾಡುತ್ತಾರೆ. ಕೂಸಿಗೆ ಗಂಗವ್ವ ಎಂದು ಹೆಸರಿಟ್ಟರು ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಹೊಳಿಯಪ್ಪನ ಮಗ ಮಾಲತೇಶಪ್ಪ ಹೊಳೆಯನ್ನು ಬಿಟ್ಟು ಬ್ಯಾಡಗಿಗೆ ಬಂದು ಮೆಣಸಿನಕಾಯಿ ಪೇಟೆಯಲ್ಲಿ ಹಮಾಲನಾದ. ಒಂದು ದಿನ ಗೋದಾಮಿನಲ್ಲಿ ಪೇರಿಸಿದ ಚೀಲಗಳ ಥಪ್ಪಿ ವಾಲಿತು. ಅದರ ಬುಡದಲ್ಲಿ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರೆಲ್ಲ ಎದ್ದು ಹೊರಗೆ ಬರುವತನಕ ಮಾಲತೇಶಪ್ಪ ಆ ಥಪ್ಪಿಗೆ ಬೆನ್ನು ಕೊಟ್ಟು ನಿಂತ. ಮುಂದೆ ಆ ಹೆಂಗಸರಲ್ಲಿ ಒಬ್ಬಳನ್ನೇ ಮದುವೆಯಾದ. ಬೆನ್ನು ಕೊಟ್ಟು ನನ್ನನ್ನು ತಗೊಂಡ ಎಂದು ಆಕೆ ಸಾಯುವತನಕ ಗಂಡನನ್ನು ಕಾಡಿಸುತ್ತಿದ್ದಳಂತೆ. ಆ ಇಬ್ಬರ ಮಗಳೇ ಮಂಗಳವ್ವ; ಅವಳೂ ತಾಯಿಯ ಮಗ್ಗುಲಲ್ಲಿ ತೊಟ್ಟು ಬಿಡಿಸುತ್ತ ಬೆಳೆದಳು.

ಅವಳನ್ನು ಕೊಟ್ಟದ್ದು ಬೇವಿನಕಟ್ಟಿಗೆ. ರಾಣೆಬೆನ್ನೂರು ತಾಲೂಕಿನ ಅಂಚಿಗೆ, ಬ್ಯಾಡಗಿಯ ಮಗ್ಗುಲಿಗೆ ಇರುವ ಸಣ್ಣ ಊರು. ಡಾಂಬರು ರಸ್ತೆಯಿಂದ ಊರು ಒಳಗಿರುವುದರಿಂದ ಬಸ್ಸಿಗೆ ಬರಬೇಕಾದವರು ಹೊಲಗಳ ನಡುವೆ ನಡೆದು ಕ್ರಾಸಿಗೆ ಬರಬೇಕು. ಗಂಡ ಹಾಸಿಗೆ ಹಿಡಿದವನು ಮೇಲೇಳಲಿಲ್ಲ. ಕಂಕುಳಲ್ಲಿ ಒಂದು ಹೆಣ್ಣು ಕೂಸು, ಮನೆಯಲ್ಲಿ ಒಂದು ಖಾಲಿ ಕಣಜ, ಇಷ್ಟು ಉಳಿದವು. ತವರಿಗೆ ಹೋಗುವುದೋ ಇಲ್ಲೇ ಇರುವುದೋ ಎಂದು ಅವಳು ಹೊಸ್ತಿಲಲ್ಲಿ ಕುಳಿತಿದ್ದಾಗ ಓಣಿಯ ತುದಿಯ ಮನೆಯ ರಹಿಮತಬಿ ಬಂದು ಎದುರಿಗೆ ನಿಂತಳು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಮಂಗಳವ್ವನ ಎರಡೂ ಕೈಗಳನ್ನು ಹಿಡಿದು, ತಿರುವಿ, ಉಗುರು ನೋಡಿದಳು.

‘ಇವು ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ. ಹೂವಿಗೆ ಇಂಥಾವ ಬೇಕು. ನಾಳಿಂದ ಕ್ರಾಸಿಗೆ ಬಾ.’

ಬಸ್ಸು ನಿಲ್ಲುವ ಕ್ರಾಸಿಗೆ ಯಾಕೆ ಕರೆಯುತ್ತಿದ್ದಾಳೆಂದು ಮಂಗಳವ್ವನಿಗೆ ಆಗ ತಿಳಿಯಲಿಲ್ಲ. ಮರುದಿನ ಹೋಗಿ ಕ್ರಾಸಿನಲ್ಲಿ ಬಸ್ಸಿನ ದಾರಿ ನೋಡುತ್ತ ನಿಂತೇಬಿಟ್ಟಳು. ಅತ್ತ ರಹಿಮತಬಿ ಹೊಲದಲ್ಲಿ ಇವಳ ದಾರಿ ನೋಡಿ ನೋಡಿ ಸಾಕಾಗಿ ಹುಡುಕಿಕೊಂಡು ಬಂದಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡ ಸತ್ತ ಮೇಲೆ ಮಂಗಳವ್ವ ಮೊದಲ ಸಲ ನಕ್ಕದ್ದೂ ಅವತ್ತೇ.

ರಹಿಮತಬಿ ಹೇಳಿದ ಕ್ರಾಸ್ ಎಂದರೆ ಬೀಜದ ಹತ್ತಿಯ ಕೆಲಸ. ರಾಣೆಬೆನ್ನೂರಿನ ಸುತ್ತಲಿನ ಸೀಮೆ ಇದರಿಂದಲೇ ಉಸಿರಾಡುತ್ತದೆ. ಹೊತ್ತು ಇಳಿದ ಮೇಲೆ, ಮರುದಿನ ಅರಳಲಿರುವ ಮೊಗ್ಗನ್ನು ಎಲೆಯ ಮರೆಯಲ್ಲಿ ಹುಡುಕಬೇಕು. ಹೆಬ್ಬೆರಳ ಉಗುರಿನಿಂದ ಅದರ ಪಕಳೆಯನ್ನೂ ಒಳಗಿನ ಗಂಡು ಭಾಗವನ್ನೂ ಸುಲಿದು ತೆಗೆಯಬೇಕು. ನಡುವಿನ ಹೆಣ್ಣು ಕಡ್ಡಿಗೆ ಕೂದಲಿನಷ್ಟೂ ಗಾಯವಾಗಬಾರದು. ಅದಕ್ಕೊಂದು ಕಾಗದದ ಟೊಪ್ಪಿಗೆ ತೊಡಿಸಿ ಬಂದರೆ, ಮರುದಿನ ಬಿಸಿಲು ಏರುವ ಮೊದಲು ಬೇರೆ ತಳಿಯ ಗಂಡು ಹೂವನ್ನು ಬುಟ್ಟಿಯಲ್ಲಿ ತಂದು, ಟೊಪ್ಪಿಗೆ ತೆಗೆದು, ಆ ಕಡ್ಡಿಗೆ ಮೆಲ್ಲಗೆ ಸವರಬೇಕು. ಮಂಗಳವ್ವ ಮೊದಲಿಗೆ ಒತ್ತಿ ಒತ್ತಿ ಸವರಿ ಎಷ್ಟೋ ಹೂವು ಉದುರಿಸಿದಳು. ರಹಿಮತಬಿ ಅವಳ ಕೈಯ ಮೇಲೆ ತನ್ನ ಕೈ ಇಟ್ಟು ಕಲಿಸಿದಳು.

‘ಹೂವಿನ ಕೂಡ ಜಗಳಾ ಆಡಬ್ಯಾಡ ಮಂಗಳಾ. ತೊಟ್ಟಿಲದಾಗಿನ ಕೂಸಿನ ಮಾರಿ ಒರಸಿದಂಗ ಒರಸು.’

ಪುಸ್ತಕದಲ್ಲಿ ಇದಕ್ಕೆ ಪರಾಗಸ್ಪರ್ಶ ಎಂಬ ಚೆಂದದ ಹೆಸರಿದೆ. ಅದು ಪುಸ್ತಕದಲ್ಲಿ ಸುಖವಾಗಿರಲಿ. ಹೊಲದಲ್ಲಿ ಅದು ಕ್ರಾಸ್. ಕೆಲಸವೂ ಕ್ರಾಸ್, ಕೆಲಸ ನಡೆಯುವ ಹೊಲವೂ ಕ್ರಾಸ್, ಹೋಗುವ ಹೆಂಗಸರು ಕ್ರಾಸಿನ ಮಂದಿ. ಹಾಗೆ ನೋಡಿದರೆ ಈ ಒಂದು ಇಂಗ್ಲಿಷ್ ಮಾತು ನಮ್ಮ ಕಡೆ ಮಾಡದ ಉದ್ಯೋಗವಿಲ್ಲ. ಬಸ್ಸು ನಿಲ್ಲುವ ಕೂಡುದಾರಿ ಕ್ರಾಸ್. ಹೆಚ್ಚು ಹಾಲು ಕೊಡುವ ಜರ್ಸಿಯ ಸಂತಾನ ಕ್ರಾಸ್ ಆಕಳು. ರೈಲಿನ ಹಳಿ ಎರಡಾಗುವ ಮೊದಲು ಗಾಡಿ ಸ್ಟೇಷನ್ನಿನಲ್ಲಿ ಸುಮ್ಮನೆ ಮಲಗಿತೆಂದರೆ ಅದು ಕ್ರಾಸಿಂಗ್. ಎದುರಿನ ಗಾಡಿ ದಾಟಿಹೋಗುವತನಕ ಇಳಿದು ಮಂಡಕ್ಕಿ ತಿನ್ನಬಹುದಿತ್ತು. ದರ್ಜಿ ಹೊಲಿಯುವ ಕುಪ್ಪಸದಲ್ಲಿ ಕ್ರಾಸ್ ಕಟ್. ಹಾವೇರಿಯ ಬ್ಯಾಂಕಿನಲ್ಲಿ ಚೆಕ್ಕಿಗೆ ಮೂಲೆಯಲ್ಲಿ ಎರಡು ಗೆರೆ ಎಳೆದರೆ ಅದೂ ಕ್ರಾಸ್. ಇಗರ್ಜಿಯ ಮೇಲೆ ನಿಂತದ್ದಂತೂ ಹುಟ್ಟಿನಿಂದಲೇ ಕ್ರಾಸ್. ಮನೆಗೆ ಬಂದ ಸೊಸೆ ಒಲೆಯ ಮುಂದೆ ಒಂದು ಹೆಸರಿಗೆ, ಹೊಲದಲ್ಲಿ ಒಂದು ಹೆಸರಿಗೆ ಓಗೊಡುವಂತೆ ಈ ಮಾತು ಕರೆದಲ್ಲೆಲ್ಲ ಹೋಗಿ ದುಡಿಯಿತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಯಾಕೆಂದರೆ ಆಡುವವರು ಕೇಳುವವರು ಎಲ್ಲ ಇಲ್ಲಿಯವರೇ.

ಮಂಗಳವ್ವ ಕ್ರಾಸಿನಿಂದಲೇ ಮಗಳನ್ನು ಬೆಳೆಸಿ ಅಗಡಿಗೆ ಮದುವೆ ಮಾಡಿಕೊಟ್ಟಳು. ರಹಿಮತಬಿಯ ಕಣ್ಣು ಮಂಜಾಗಿ ಅವಳು ಮನೆಯಲ್ಲಿ ಕುಳಿತ ಮೇಲೆ ಊರಿನ ಕ್ರಾಸಿನ ಮಂದಿಗೆ ಇವಳೇ ಮುಂದಾಳಾದಳು. ರಹಿಮತಬಿಯ ಮಗ ಅಸ್ಲಮ್ ಮೂರು ಗಾಲಿಯ ಟಂಟಂ ಗಾಡಿ ಕೊಂಡಿದ್ದ. ಬೆಳಗಿನಲ್ಲಿ ಹೆಂಗಸರನ್ನು ಹೊಲಕ್ಕೆ ಬಿಡುವುದು, ಆಮೇಲೆ ಬ್ಯಾಡಗಿಯ ದಾರಿಗೆ ಬಾಡಿಗೆ ಹೊಡೆಯುವುದು ಅವನ ದಿನಚರಿ. ಮಂಗಳವ್ವನನ್ನು ಅವನು ಸಣ್ಣವನಿದ್ದಾಗಿನಿಂದ ಖಾಲಾ ಎನ್ನುತ್ತಿದ್ದ. ತಾಯಿಯ ತಂಗಿಗೆ ಅವರ ಮನೆಯಲ್ಲಿ ಹಾಗೆ ಕರೆಯುತ್ತಾರೆ.

ಹೋದ ವರ್ಷ ಕ್ರಾಸಿನ ಹಂಗಾಮಿನಲ್ಲಿ ಒಂದು ದಿನ, ಗಂಡು ಹೂವು ತರುವ ಆಳು ಬರಲಿಲ್ಲ. ಹೂವು ಬಿಸಿಲಿಗೆ ಬಾಡುವ ಮೊದಲು ತರಬೇಕು. ಅಸ್ಲಮ್ ಗಾಡಿಯನ್ನು ಮರದ ನೆರಳಿಗೆ ಹಾಕಿ, ತಾನೇ ಬುಟ್ಟಿ ಹೊತ್ತು ಹೋಗಿ ಗಂಡು ಹೂವು ಹರಿದು ತಂದುಕೊಟ್ಟ. ಉಳಿದ ಹೆಂಗಸರು ಗಿಡದ ಮರೆಯಲ್ಲಿ ಬಗ್ಗಿದ್ದರು, ಅವನನ್ನು ಕಂಡವರಿಲ್ಲ. ಬುಟ್ಟಿ ಇಸಿದುಕೊಂಡವಳು ಮಂಗಳವ್ವ. ಬಿಸಿಲು ಚುರುಗುಟ್ಟುವತನಕ ಅವನು ಅಲ್ಲೇ ಇದ್ದ. ಅದೇ ಹೊತ್ತಿಗೆ, ಅಲ್ಲಿಂದ ಬಲು ದೂರದಲ್ಲಿ, ಬಸ್ಸು ನಿಲ್ಲುವ ಬೇವಿನಕಟ್ಟಿ ಕ್ರಾಸಿನಲ್ಲಿ ಒಂದು ಟಂಟಂ ಪರಮೇಶಪ್ಪ ಎಂಬ ಮುದುಕನಿಗೆ ಬಡಿದು, ಕಾಲು ಮುರಿದು, ನಿಲ್ಲದೆ ಹೋಯಿತು. ಪರಮೇಶಪ್ಪ ಬಿದ್ದಲ್ಲಿಂದ ತಲೆ ಎತ್ತಿದಾಗ ಕಂಡದ್ದು ಗಾಡಿಯ ಹಿಂದಿನ ಹಸಿರು ಪರದೆ. ಅಸ್ಲಮನ ಗಾಡಿಗೂ ಹಸಿರು ಪರದೆ ಇತ್ತು.

ಸಂಜೆ ಹೆಂಗಸರು ಮನೆಗೆ ತಿರುಗುವಾಗ ಪೊಲೀಸಿನವನೊಬ್ಬ ಆ ಕೂಡುದಾರಿಯಲ್ಲೇ ನಿಂತು ಹೋಗಿಬರುವವರನ್ನು ವಿಚಾರಿಸುತ್ತಿದ್ದ. ಹೊಸಬ, ದೂರದ ಕರಾವಳಿಯ ಕಡೆಯವನು. ಮುಂಜಾನೆ ಅಸ್ಲಮ್ ಎಲ್ಲಿದ್ದನೆಂದು ಅವನು ಮಂಗಳವ್ವನನ್ನು ಕೇಳಿದ. ಅಸ್ಲಮನ ಮೇಲೆ ಅನುಮಾನ ಬಂದಿದೆಯೆಂದು ಅಷ್ಟರಲ್ಲಿ ಅವಳಿಗೆ ತಿಳಿದಿತ್ತು. ಅವನನ್ನು ಉಳಿಸಬೇಕೆಂಬ ಆತುರದಲ್ಲಿ ಅವಳು, ಅಸ್ಲಮ್ ಮುಂಜಾನೆಯಿಂದ ಕ್ರಾಸಿನ್ಯಾಗ ಇದ್ದ, ನಾನ ಕಣ್ಣಾರೆ ನೋಡೇನಿ ಎಂದು ಎದೆ ತಟ್ಟಿ ಹೇಳಿದಳು. ಪೊಲೀಸಿನವನಾದರೂ ಏನು ತಿಳಿದಾನು. ನಿಂತದ್ದು ಬೇವಿನಕಟ್ಟಿ ಕ್ರಾಸಿನಲ್ಲಿ, ಕೇಳಿದ್ದು ಕ್ರಾಸ್ ಎಂಬ ಮಾತು. ಬರೆಯುವುದು ಪೂರ್ತಿಯಾಗಿರಲೆಂದು ಊರಿನ ಹೆಸರನ್ನೂ ತಾನೇ ಸೇರಿಸಿ ಬರೆದುಕೊಂಡ. ಹೀಗೆ ಅಸ್ಲಮನನ್ನು ಕಾಯಬೇಕೆಂದು ಆಡಿದ ಮಾತು, ಅವನನ್ನು ಒಯ್ದು ಪೆಟ್ಟು ಬಿದ್ದ ಜಾಗದಲ್ಲೇ ನಿಲ್ಲಿಸಿಬಿಟ್ಟಿತು.

ಇದು ಮಂಗಳವ್ವನಿಗೆ ತಿಳಿದದ್ದು ಎಷ್ಟೋ ತಿಂಗಳಾದ ಮೇಲೆ, ಅದೂ ಅರ್ಧಮರ್ಧ. ಅಸ್ಲಮನ ಮೇಲೆ ಹೂಡಿದ ಕೇಸಿಗೆ ಸಾಕ್ಷಿಯೆಂದು ಕೋರ್ಟಿನಿಂದ ಅವಳಿಗೆ ಸಮನ್ಸು ಬಂತು. ಅದೇ ವಾರ, ಹೊಲದಲ್ಲಿ ಪಕ್ಕದ ಸಾಲಿನಲ್ಲಿದ್ದ ದುರ್ಗಾ ಎಂಬ ಹುಡುಗಿ ಮೊಗ್ಗು ಸುಲಿಯುತ್ತ, ತಲೆ ಎತ್ತದೆ ಚುಚ್ಚಿದಳು.

‘ಅತ್ತಿ, ಕೆಲಸಾ ಕಲಿಸಿದಾಕಿ ಮಗನ ಮ್ಯಾಲೇ ಸಾಕ್ಷಿ ಹೇಳೀಯಂತ. ಊರೆಲ್ಲಾ ಮಾತಾಡಾಕತ್ತೈತಿ.’

ಮಂಗಳವ್ವನ ಉಗುರು ತಪ್ಪಿ ಹೂವಿನ ಕಡ್ಡಿ ಮುರಿಯಿತು. ಬಹಳ ವರ್ಷಗಳಿಂದ ಅವಳ ಕೈಯಲ್ಲಿ ಹಾಗಾಗಿರಲಿಲ್ಲ. ಅಸ್ಲಮ್ ನಮ್ಮ ಕೂಡ ಇದ್ದನೆಂದೇ ನಾನು ಹೇಳಿದ್ದು, ಹೇಳಿದ ಮಾತು ಹೇಗೆ ತಿರುಗಿತು ಎಂದು ದುರ್ಗಾಳನ್ನು ಕೇಳಿದರೆ ಅವಳಿಗೇನು ಗೊತ್ತು. ಯಾರೋ ಹೇಳಿದ್ದು, ಯಾರೋ ಕೇಳಿದ್ದು. ಆ ಹೊತ್ತಿಗೆ ಅಸ್ಲಮನ ಗಾಡಿಯಲ್ಲಿ ಕೂಡ್ರುವವರು ಕಡಿಮೆಯಾಗಿದ್ದರು, ನೋಡಿಹೋದ ಹೆಣ್ಣಿನ ಮನೆಯವರು ಸುಮ್ಮನಾಗಿದ್ದರು. ಮುದುಕನನ್ನು ಕೆಡವಿ ಓಡಿದವನೆಂಬ ಹೆಸರು ಅಂಟಿದರೆ ಅದು ಕೋರ್ಟಿನ ಶಿಕ್ಷೆಗಿಂತ ಉದ್ದ ಬಾಳುತ್ತದೆ.

ಅವತ್ತು ಸಂಜೆ ಅವಳು ರಹಿಮತಬಿಯ ಮನೆಯ ಮುಂದೆ ಹೋಗಿ ನಿಂತಳು, ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ರಹಿಮತಬಿ ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದಳು.

‘ಯಾಕ, ನಮ್ಮನಿ ಬಾಗಲಾ ಸಣ್ಣದಾತೇನ? ಬಾ, ಕುಂದ್ರು.’

ಮಂಗಳವ್ವ ಕುಳಿತಳು. ಅಳು ಬಂತು. ನಾನು ಹಾಗೆ ಹೇಳಿಲ್ಲ ಎಂದಷ್ಟೇ ಹೇಳಿದಳು. ರಹಿಮತಬಿ ಕೈಚಾಚಿ ಅವಳ ಮುಂಗೈ ಹುಡುಕಿ ಹಿಡಿದುಕೊಂಡಳು.

‘ನೀ ಹಂಗ ಹೇಳೂವಾಕಿ ಅಲ್ಲ ಅನ್ನೂದು ನನಗ ಗೊತ್ತೈತಿ. ನನ್ನ ಕಣ್ಣ ಹೋಗ್ಯಾವ, ಬುದ್ಧಿ ಹೋಗಿಲ್ಲ. ಕೋರ್ಟಿಗೆ ಹೋಗಿ ನೋಡಿದ್ದು ನೋಡಿದಂಗ ಹೇಳ. ಅಷ್ಟ.’

ಅಷ್ಟೇ ಅಲ್ಲವೆಂದು ಅಸ್ಲಮನ ವಕೀಲೆ ಸುಚಿತ್ರಾ ಅವನಿಗೆ ಹೇಳಿದ್ದಳು. ಹಾವೇರಿಯ ಹುಡುಗಿ, ಇನ್ನೂ ಕಡಿಮೆ ವರ್ಷದ ವಕೀಲಿಕೆ. ಮಂಗಳವ್ವ ಸರ್ಕಾರದ ಕಡೆಯ ಸಾಕ್ಷಿ. ಕಾಗದದಲ್ಲಿ ಅವಳ ಮಾತು ಅಸ್ಲಮನಿಗೆ ವಿರುದ್ಧವಾಗಿದೆ. ಸಾಕ್ಷಿಕಟ್ಟೆಯಲ್ಲಿ ನಿಂತು ಬೇರೆ ಹೇಳಿದರೆ, ಒಂದೇ ಓಣಿಯವರು, ಮನೆಯವರಂತೆ ಇರುವವರು, ಪ್ರೀತಿಗೆ ಮಾತು ತಿರುಗಿಸಿದಳು ಎನ್ನುತ್ತಾರೆ. ಸರ್ಕಾರದ ಸಾಕ್ಷಿಯನ್ನು ಮೊದಲೇ ಕಂಡು ಮಾತಾಡಿಸುವುದು ಸರಿಯಲ್ಲವೆಂದು ಸುಚಿತ್ರಾ ಬೇವಿನಕಟ್ಟಿಗೆ ಬರಲೂ ಇಲ್ಲ. ಅಸ್ಲಮ್ ಇದನ್ನು ಖಾಲಾನ ಮುಂದೆ ಹೇಳಲಿಲ್ಲ. ಅವಳ ಮುಖ ನೋಡಿದರೆ ಸಾಕು, ದಾರಿಯ ಕಡೆ ತಿರುಗಿ ಹಾರ್ನು ಒರೆಸುತ್ತ ನಿಲ್ಲುತ್ತಿದ್ದ.

ವಿಚಾರಣೆಯ ದಿನವೂ ಕ್ರಾಸಿನ ಹಂಗಾಮು ನಡೆದೇ ಇತ್ತು. ರಾಣೆಬೆನ್ನೂರಿನ ಕೋರ್ಟಿನಲ್ಲಿ ಮೊದಲು ಪರಮೇಶಪ್ಪನನ್ನು ಕರೆದರು. ಕೋಲೂರಿಕೊಂಡು ಬಂದ ಮುದುಕ ಸುತ್ತುಬಳಸು ಮಾಡಲಿಲ್ಲ. ಹಸಿರು ಪರದೆ ಕಂಡೆ, ಹೊಡೆದವನ ಮುಖ ಕಾಣಲಿಲ್ಲ, ಕಾಣದ್ದನ್ನು ಕಂಡೆ ಎನ್ನಲಾರೆ ಎಂದು ಹೇಳಿ ಇಳಿದ. ಆ ಒಂದು ಮಾತಿಗೆ ಮಂಗಳವ್ವ ಕುಳಿತಲ್ಲಿಂದಲೇ ಅವನಿಗೆ ಕೈಮುಗಿದಳು. ಇನ್ನು ಉಳಿದದ್ದು ಅವಳೊಬ್ಬಳ ಸಾಕ್ಷಿ.

ಜವಾನ ಹೆಸರು ಕೂಗಿದ. ಅವಳು ಕಟ್ಟೆ ಹತ್ತಿದಳು, ಪ್ರಮಾಣ ಮಾಡಿದಳು. ನ್ಯಾಯಾಧೀಶರು ಹಳೇ ಮೈಸೂರಿನ ಕಡೆಯವರು, ಮೆತ್ತಗಿನ ಮಾತಿನವರು; ಬಂದು ಬಹಳ ದಿನವಾಗಿರಲಿಲ್ಲ. ಸರ್ಕಾರಿ ವಕೀಲರು ಹೆಚ್ಚು ಕೆದಕಲಿಲ್ಲ. ಆ ದಿನ ಬೆಳಿಗ್ಗೆ ಆರೋಪಿ ಎಲ್ಲಿದ್ದನೆಂದು ಕೇಳಿದರು.

‘ಕ್ರಾಸಿನ್ಯಾಗ ಇದ್ದನ್ರಿ ಸಾಹೇಬ್ರ. ಬಿಸಲ ಏರೂತನಕ ಅಲ್ಲೇ ಇದ್ದ. ನಾನ ನೋಡೇನಿ.’

ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಅವಳಿಗೆ ತಿಳಿದಿರಲಿಲ್ಲ. ಅಸ್ಲಮ್ ಈಗ ತಲೆ ಎತ್ತಿ ನೋಡುತ್ತಾನೆಂದು ಅತ್ತ ತಿರುಗಿದಳು. ಅವನು ತಲೆ ತಗ್ಗಿಸಿದ್ದ. ಸುಚಿತ್ರಾ ಪೆನ್ನನ್ನು ಮೇಜಿನ ಮೇಲೆ ಇಟ್ಟುಬಿಟ್ಟಿದ್ದಳು. ಅಷ್ಟು ಸಾಕೆಂದು ಸರ್ಕಾರಿ ವಕೀಲರು ಕುಳಿತರು. ತನ್ನ ಬಾಯಿಂದ ಏನು ಬಿದ್ದಿತು, ಯಾರಿಗೆ ಬಡಿಯಿತು ಎಂಬುದು ಮಂಗಳವ್ವನಿಗೆ ಹೊಳೆಯಲಿಲ್ಲ.

ನ್ಯಾಯಾಧೀಶರು ಕಾಗದದ ಮೇಲಿನ ಕಣ್ಣು ತೆಗೆಯದೆ ವಾಡಿಕೆಯಂತೆ ಕೇಳಿದರು: ‘ಕ್ರಾಸ್ ಇದೆಯೇನಮ್ಮ?’

ಅದು ಸುಚಿತ್ರಾಗೆ ಕೇಳಿದ ಪ್ರಶ್ನೆ. ಎದುರಿನ ಸಾಕ್ಷಿಗೆ ಸವಾಲು ಹಾಕುವುದಿದೆಯೇ ಎಂದು ಅದರ ಅರ್ಥ. ಆದರೆ ಕಟ್ಟೆಯಲ್ಲಿ ನಿಂತವಳೂ ಅಮ್ಮನೇ. ಇಷ್ಟು ದೊಡ್ಡ ಸಾಹೇಬರು ತನ್ನ ಹೊಲದ ಕೆಲಸವನ್ನು ವಿಚಾರಿಸುತ್ತಿದ್ದಾರಲ್ಲ ಎಂದು ಮಂಗಳವ್ವನ ಜೀವ ಹಿಗ್ಗಿತು.

‘ಐತ್ರಿ ಸಾಹೇಬ್ರ, ಇನ್ನೂ ಮುಗಿದಿಲ್ಲ. ನಿನ್ನಿ ಸಂಜಿಕ ಮೊಗ್ಗಿಗೆಲ್ಲಾ ಟೊಪ್ಪಿಗಿ ಹಾಕಿ ಬಂದೇನಿ. ಇವತ್ತ ಗಂಡ ಹೂವ ಮುಟ್ಟಸಾಕ ದುರ್ಗಾಗ ಹೇಳೇನಿ. ಆ ಹುಡುಗಿ ಕೈ ಸ್ವಲ್ಪ ಬಿರುಸು.’

ಹಿಂದಿನ ಬಾಕಿನಲ್ಲಿ ಕುಳಿತಿದ್ದ ಹಳ್ಳಿಯ ಮಂದಿ ಗೊಳ್ಳೆಂದರು. ಬೆರಳಚ್ಚಿನವನ ಕೈ ನಿಂತಿತು. ನ್ಯಾಯಾಧೀಶರು ಏನೂ ತಿಳಿಯದೆ ಒಬ್ಬೊಬ್ಬರ ಮುಖ ನೋಡಿದರು. ನಗದವರು ಇಬ್ಬರೇ, ಅಸ್ಲಮ್ ಮತ್ತು ಸುಚಿತ್ರಾ. ಅಸ್ಲಮ್ ಸಟ್ಟನೆ ತಲೆ ಎತ್ತಿದ್ದ. ಸುಚಿತ್ರಾ ಎದ್ದು ನಿಂತಿದ್ದಳು, ಪೆನ್ನು ಕೈಗೆ ಬಂದಿತ್ತು.

ಈ ಹೆಣ್ಣುಮಗಳು ಕ್ರಾಸ್ ಎಂದದ್ದು ಯಾವುದಕ್ಕೆ ಎಂಬುದನ್ನು ಅವಳ ಬಾಯಿಂದಲೇ ಕೇಳಬೇಕಾಗಿದೆ ಎಂದು ಸುಚಿತ್ರಾ ಬಿನ್ನವಿಸಿದಳು. ನ್ಯಾಯಾಧೀಶರು ಒಪ್ಪಿ, ಮೊದಲು ಮಂಗಳವ್ವನಿಗೆ, ಇಲ್ಲಿ ಕ್ರಾಸ್ ಎಂದರೆ ವಕೀಲರು ನಿಮ್ಮನ್ನು ಪ್ರಶ್ನೆ ಕೇಳುವುದು ಎಂದು ಬಿಡಿಸಿ ಹೇಳಿದರು. ಅವಳು ನಾಲಿಗೆ ಕಚ್ಚಿಕೊಂಡಳು.

‘ಕೇಳ್ಲಿ ಬಿಡ್ರಿ. ಮೊಗ್ಗ ಚಿವುಟಿದಂಗ ಚಿವುಟದಿದ್ರ ಸಾಕು.’

ನ್ಯಾಯಾಧೀಶರೂ ಈ ಸಲ ನಕ್ಕರು. ಸುಚಿತ್ರಾ ಕೇಳುತ್ತ ಹೋದಳು, ಮಂಗಳವ್ವ ಹೇಳುತ್ತ ಹೋದಳು. ಮೊಗ್ಗು ಇಲ್ಲದ್ದಕ್ಕೆ ಎಡಗೈಯ ಬೆರಳುಗಳನ್ನೇ ಮೊಗ್ಗಿನಂತೆ ಕೂಡಿಸಿ, ಬಲಗೈ ಉಗುರಿನಿಂದ ಸುಲಿದು, ಟೊಪ್ಪಿಗೆ ತೊಡಿಸಿ ತೋರಿಸಿದಳು. ಅಸ್ಲಮ್ ಆ ದಿನ ಬುಟ್ಟಿ ಹೊತ್ತು ತಂದದ್ದು, ತಾನು ಇಸಿದುಕೊಂಡದ್ದು, ಗಂಡು ಹೂವಿನ ಜೊತೆ ಎರಡು ಕಾಯಿಯನ್ನೂ ಹರಿದು ತಂದನೆಂದು ತಾನು ಅವನನ್ನು ಬೈದದ್ದು, ಎಲ್ಲ ಬಂತು.

ಸರ್ಕಾರಿ ವಕೀಲರಿಗೆ ಇದು ರುಚಿಸಲಿಲ್ಲ. ಅವರ ಕೆಲಸ ಅವರು ಮಾಡಬೇಕಲ್ಲ. ಅ‌ಪ್ಪಣೆ ಕೇಳಿ ಎದ್ದರು. ಪೊಲೀಸರ ಮುಂದೆ ಬೇವಿನಕಟ್ಟಿ ಕ್ರಾಸ್ ಎಂದು ಹೇಳಿದ್ದೀರಿ, ಈಗ ಓಣಿಯವನೆಂಬ ಪ್ರೀತಿಗೆ ಹತ್ತಿಹೊಲದ ಕತೆ ಕಟ್ಟುತ್ತಿದ್ದೀರಿ ಎಂದರು. ಮಂಗಳವ್ವನಿಗೆ ಈಗ ಎಲ್ಲ ಬಿಚ್ಚಿಕೊಂಡಿತು. ತನ್ನ ಮಾತು ಎಲ್ಲಿ ಜಾರಿತು, ಯಾರ ತಲೆಯ ಮೇಲೆ ಬಿದ್ದಿತು, ವರ್ಷವಿಡೀ ಅಸ್ಲಮ್ ಯಾಕೆ ಮುಖ ತಿರುಗಿಸಿದ, ಎಲ್ಲ. ಕಟ್ಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

‘ಬೇವಿನಕಟ್ಟಿ ಅನ್ನೂ ಮಾತ ನನ್ನ ಬಾಯಾಗ ಬಂದಿಲ್ರಿ. ನಮ್ಮೂರಾಗ ನಿಂತ ನಮ್ಮೂರ ಹೆಸರ ಯಾಕ ಹೇಳ್ಲಿ? ಬಸ್ಸಿನ ಹಂತೇಕ ಇದ್ದಿದ್ರ ಕ್ರಾಸಿನ ಮ್ಯಾಲೆ ನಿಂತಿದ್ದ ಅಂತಿದ್ದೆ. ನಾ ಕ್ರಾಸಿನ್ಯಾಗ ಇದ್ದ ಅಂದೇನಿ. ದಾರಿ ಮ್ಯಾಲೆ ನಿಲ್ತಾರ್ರಿ, ಕೆಲಸದಾಗ ಇರ್ತಾರ.’

ಅವಳು ಆ ಪೊಲೀಸಣ್ಣನನ್ನು ಬೈಯಬೇಡಿರೆಂದೂ ಸೇರಿಸಿದಳು. ಅವನು ಪರವೂರವನು, ನಿಂತ ಜಾಗ ಅಂಥದು, ತಾನೂ ಮೊದಲ ದಿನ ಇದೇ ಮಾತು ಕೇಳಿ ಬಸ್ಸಿನ ದಾರಿ ಕಾದಿದ್ದೆನೆಂದಳು. ಸರ್ಕಾರಿ ವಕೀಲರು ಕುಳಿತುಕೊಂಡರು. ‘ಕ್ರಾಸಿನ ಮ್ಯಾಲೆ’ ಮತ್ತು ‘ಕ್ರಾಸಿನ್ಯಾಗ’ ಎಂಬ ಎರಡನ್ನೂ ನ್ಯಾಯಾಧೀಶರು ತಮ್ಮ ಕೈಯಿಂದಲೇ ಬರೆದುಕೊಂಡರು.

ತೀರ್ಪು ದೀಪಾವಳಿ ಕಳೆದ ಮೇಲೆ ಬಂತು. ಹಸಿರು ಪರದೆಯ ಗಾಡಿಗಳು ತಾಲೂಕಿನಲ್ಲಿ ಬೇಕಾದಷ್ಟಿವೆ; ಸಾಕ್ಷಿಯ ಹೆಣ್ಣುಮಗಳು ಯಾರೂ ತನ್ನನ್ನು ಕೆದಕುವ ಮೊದಲೇ, ತಾನಾಗಿ ಆ ಮಾತನ್ನು ಹೊಲದ ಕೆಲಸಕ್ಕೆ ಬಳಸಿದ್ದಾಳೆ, ಅದು ಕಟ್ಟಿದ ಕತೆಯಲ್ಲ ಎಂದು ಬರೆದು, ಅಸ್ಲಮನನ್ನು ಬಿಟ್ಟರು. ಹೊಡೆದು ಓಡಿದವನು ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಪರಮೇಶಪ್ಪ ಕೋರ್ಟಿನ ಪಡಸಾಲೆಯಲ್ಲಿ ಅಸ್ಲಮನನ್ನು ನಿಲ್ಲಿಸಿ, ನಿನ್ನ ಗಾಡಿಯ ಪರದೆ ಮೊದಲು ಬದಲಿಸು, ಇಲ್ಲದಿದ್ದರೆ ನನ್ನ ಇನ್ನೊಂದು ಕಾಲಿಗೂ ನಿನ್ನ ಹೆಸರೇ ಬಂದೀತು ಎಂದ. ಅಸ್ಲಮ್ ಅವನನ್ನು ಕೈಹಿಡಿದು ಮೆಟ್ಟಿಲು ಇಳಿಸಿದ.

ಕೋರ್ಟಿನ ಎದುರಿನ ಅಂಗಡಿಯಲ್ಲಿ ಎಲ್ಲರೂ ಚಹಾ ಕುಡಿದರು. ಮಂಗಳವ್ವ ಸುಚಿತ್ರಾಳನ್ನು ಬಿಡಲಿಲ್ಲ. ಇಷ್ಟೆಲ್ಲ ಆಟ ಆಡಿಸಿದ ಈ ಮಾತು ಯಾರ ಮನೆಯದು, ಎಲ್ಲಿಂದ ಬಂತು, ಹೇಳಲೇಬೇಕೆಂದು ಹಟ ಹಿಡಿದಳು. ಸುಚಿತ್ರಾಗೂ ಆ ಕುತೂಹಲ ಹತ್ತಿ ಅವಳು ಆಗಲೇ ಓದಿಕೊಂಡಿದ್ದಳು. ಮೂಲದಲ್ಲಿ ಅದು ರೋಮಿನವರ ಲ್ಯಾಟಿನ್ ಮಾತು, ಕ್ರುಕ್ಸ್ ಎಂದು. ತಪ್ಪು ಮಾಡಿದವರನ್ನು ಜಡಿಯುವ ಕಂಬಕ್ಕೆ ಆ ಹೆಸರು. ಏಸುವನ್ನು ಜಡಿದದ್ದೂ ಅದಕ್ಕೇ. ಅವನನ್ನು ನಂಬಿದವರ ಜೊತೆ ಮಾತು ಐರ್ಲೆಂಡಿಗೆ ಹೋಯಿತು, ಅಲ್ಲಿಂದ ಉತ್ತರದ ಹಡಗಿನವರ ಬಾಯಿಗೆ ಬಿದ್ದು ಇಂಗ್ಲೆಂಡಿಗೆ ಇಳಿಯಿತು. ಅಡ್ಡ ಉದ್ದ ಎರಡು ಕಟ್ಟಿಗೆ ಕೂಡಿದಂತೆ ಎಲ್ಲಿ ಎರಡು ಕೂಡಿದರೂ ಅದಕ್ಕೆ ಇದೇ ಹೆಸರಾಯಿತು. ಎರಡು ದಾರಿ ಕೂಡಿದರೆ ಕ್ರಾಸ್, ಎರಡು ತಳಿ ಕೂಡಿದರೆ ಕ್ರಾಸ್. ದಾಟುವುದಕ್ಕೂ ಅದೇ, ಗೀಟು ಹಾಕಿ ಹೊಡೆದುಹಾಕುವುದಕ್ಕೂ ಅದೇ, ಅಡ್ಡ ಸವಾಲಿಗೂ ಅದೇ. ಇಂಗ್ಲಿಷರು ಸಿಟ್ಟು ಬಂದವನನ್ನೂ ಕ್ರಾಸ್ ಎನ್ನುತ್ತಾರಂತೆ.

ಮಂಗಳವ್ವ ಕಂಬದ ಮಾತಿಗೇ ನಿಂತಿದ್ದಳು. ಬಸಿಯ ಚಹಾ ಕೈಯಲ್ಲೇ ಆರಿತು.

‘ಮನಷ್ಯಾನ್ನ ಜಡಿಯೂ ಕಂಬಕ್ಕ ಹುಟ್ಟಿದ ಮಾತು, ನಮ್ಮ ಹೂವಿಗೆ ಬಂತಲ್ರಿ ವಕೀಲ ಬಾಯಾರ.’ ಆಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದಳು: ‘ಪಾಪ, ಅದೂ ಎಲ್ಲೆಲ್ಲೋ ತಿರಗಿ, ಸಿಕ್ಕ ಕೆಲಸಾ ಮಾಡಿ, ನಮ್ಮಂಗ ದುಡಕೊಂಡ ತಿಂದೈತಿ. ನನ್ನ ಮಗಳನ್ನ ಬೆಳಸೈತಿ. ಅದರ ಮ್ಯಾಲೆ ಸಿಟ್ಟ ಮಾಡಬಾರದು.’

ಊರಿಗೆ ಬಂದ ಮೇಲೆ ಅವಳು ಮೊದಲು ಹೋದದ್ದು ರಹಿಮತಬಿಯ ಮನೆಗೆ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನೆರೆಹೊರೆಯವರು ಬಂದು ಕೂಡಿದರು. ದುರ್ಗಾ ಕೂಡ ಬಂದು ಎಲ್ಲರಿಗೂ ನೀರು ಕೊಟ್ಟಳು. ರಹಿಮತಬಿ ಮಂಗಳವ್ವನ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಇಬ್ಬರಲ್ಲಿ ಯಾರು ಯಾರಿಗೆ ಉಪಕಾರ ಮಾಡಿದರೆಂದು ಕೇಳಿದ್ದರೆ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ಮಾಡುತ್ತಿದ್ದರು.

ಅಸ್ಲಮ್ ಬಹಳ ಹೊತ್ತು ಗಾಡಿಯ ಹತ್ತಿರವೇ ಇದ್ದ. ಮಂದಿ ಕರಗಿದ ಮೇಲೆ ಒಳಗೆ ಬಂದು ಖಾಲಾನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತ. ವರ್ಷವಿಡೀ ಹಿಡಿದಿಟ್ಟ ಮಾತನ್ನು ಬಿಟ್ಟು ಬೇರೆಯದನ್ನೇ ಆಡಿದ. ಬಗ್ಗಿ ಬಗ್ಗಿ ನಿನ್ನ ಸೊಂಟ ಬಿದ್ದುಹೋಗಿದೆ, ಇನ್ನು ಸಾಕು. ನಾಳೆಯಿಂದ ಹೊಲಕ್ಕೆ ಬರಬೇಡ, ಇಲ್ಲೇ ಅವ್ವನ ಕೂಡ ಕುಳಿತಿರು, ನಿನ್ನ ಊಟ, ಬಟ್ಟೆ, ದವಾಖಾನೆ ಎಲ್ಲ ನನಗಿರಲಿ ಎಂದ. ರಹಿಮತಬಿ ಗೋಡೆಗೆ ಒರಗಿ ಕೇಳುತ್ತಿದ್ದಳು.

ಮಂಗಳವ್ವ ಅವನ ತಲೆಯ ಮೇಲೆ ಕೈಯಿಟ್ಟಳು.

‘ಬ್ಯಾಡೋ ಅಸ್ಲಮ್. ನೀ ಅಂದದ್ದಕ್ಕ ನನ್ನ ಹೊಟ್ಟಿ ತುಂಬೇತಿ. ಖರೇ ಹೇಳ್ತೇನಿ, ಇಷ್ಟ ಅನ್ನೂ ಮಂದಿ ಯಾರಿಗಿರ್ತಾರ. ಆದ್ರ ನಿಮ್ಮವ್ವ ಅವತ್ತ ನಮ್ಮನಿಗೆ ಬಂದು ಕುಂದ್ರು ಅನ್ನಲಿಲ್ಲ, ಕೈ ಹಿಡದು ಕ್ರಾಸಿಗೆ ಬಾ ಅಂದ್ಲು. ಆಕಿ ಕರದಲ್ಲಿಗೆ ನಾ ಇನ್ನೂ ಹೋಗಾಕತ್ತೇನಿ. ಕೈ ನಡಗೂ ದಿನ ಬಂದ್ರ ಹೂವು ತಾವ ಹೇಳ್ತಾವ, ನೀ ಹೇಳಬ್ಯಾಡ. ನಾಳೆ ಗಾಡಿ ಲಗೂ ತಗೊಂಡ ಬಾ. ಎಲ್ಲಾರ ಕಡೆ ಇಸ್ಕೊಳ್ಳೂ ಬಾಡಗಿ ನನ್ನ ಕಡೆನೂ ಇಸ್ಕೋ.’